ತಂಗಿ ಎರಡನೇ ಹೆರಿಗೆಗೆ ಆಸ್ಪತ್ರೆ ಬೇಡ ಅಂತಿದ್ದಾಳೆ, ಹೇಗೆ ಮಾತಾಡಲಿ?

ದೊಡ್ಡಿಯ ಅಕ್ಕ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ತವರು ದೇವದುರ್ಗ ತಾಲ್ಲೂಕಿನ ಒಂದು ದೊಡ್ಡಿ. ಊರಿಂದ ದೂರ, ಹೊಲಗಳ ನಡುವೆ ಇಪ್ಪತ್ತು ಮನೆ. ನಾನು ಮದುವೆಯಾಗಿ ಬೆಂಗಳೂರಲ್ಲಿದ್ದೇನೆ. ತಂಗಿಗೆ ಈಗ ಎಂಟು ತಿಂಗಳು ತುಂಬಿದೆ. ಮೊದಲನೆಯ ಮಗು ಹೆಣ್ಣು, ಮೂರು ವರ್ಷದ್ದು, ಅದು ಆಸ್ಪತ್ರೆಯಲ್ಲೇ ಹುಟ್ಟಿದ್ದು. ಎರಡನೆಯದಕ್ಕೆ ಗಂಡನ ಮನೆಯಲ್ಲೇ ಇರೋದು ನಮ್ಮ ಕಡೆ ರೂಢಿ, ಆದರೂ ಹಟ ಮಾಡಿ ತವರಿಗೆ ಬಂದು ಕೂತಿದ್ದಾಳೆ. "ಅವ್ವನ ಮನೆಯಲ್ಲೇ ಹಡೀತೀನಿ, ಆಸ್ಪತ್ರೆಗೆ ಮಾತ್ರ ಕರ್ಕೊಂಡು ಹೋಗಬೇಡ್ರಿ" ಅನ್ನುತ್ತಾಳೆ. ಪಕ್ಕದ ಊರಲ್ಲಿ ಒಬ್ಬ ವಯಸ್ಸಾದ ಸೂಲಗಿತ್ತಿ ಇದ್ದಾಳೆ, ನನ್ನನ್ನೂ ತಂಗಿಯನ್ನೂ ಹಡೆಸಿದ್ದು ಅವಳೇ. ಅವ್ವನಿಗೂ ಒಳಗೊಳಗೆ ಅದೇ ಸರಿ ಅನ್ನಿಸಿದ ಹಾಗಿದೆ.

ಆಶಾ ಕಾರ್ಯಕರ್ತೆ ಮೂರು ಸಲ ಬಂದು ಹೋದರು. ಹಣ ಬರುತ್ತದೆ ಅಂದರು, ಬೈದೂ ನೋಡಿದರು. ತಂಗಿ ಎದ್ದು ಒಳಗೆ ಹೋಗಿಬಿಡುತ್ತಾಳಂತೆ. ಅವಳು ಪಿಯುಸಿ ಓದಿದವಳು. ಮೂಢನಂಬಿಕೆ ಅಂತ ನಾನು ಫೋನಲ್ಲಿ ಒಂದು ಮಾತು ಅಂದುಬಿಟ್ಟೆ, ಆಮೇಲಿಂದ ನನ್ನ ಫೋನೇ ಎತ್ತುತ್ತಿಲ್ಲ. ಪಿಎಚ್‌ಸಿ, ಅಂದರೆ ಪ್ರಾಥಮಿಕ ಆರೋಗ್ಯ ಕೇಂದ್ರ, ಒಂಬತ್ತು ಕಿಲೋಮೀಟರ್, ಅದರಲ್ಲಿ ಮೂರು ಕಿಲೋಮೀಟರ್ ಮಣ್ಣು ರಸ್ತೆ. ರಾಯಚೂರಿಗೆ ಒಂದೂವರೆ ಗಂಟೆ ಬೇಕು. ನಿಮ್ಮ ಮನೆಗಳಲ್ಲಿ ಹೀಗೆ ಆಗಿದ್ದರೆ ಏನು ಮಾಡಿದಿರಿ? ಹೆಂಗಸರು ಯಾಕೆ ಹೀಗೆ ತೀರ್ಮಾನ ಮಾಡುತ್ತಾರೆ ಅನ್ನೋದೂ ನನಗೆ ಗೊತ್ತಾಗಬೇಕಿದೆ.

ನಿವೃತ್ತ ಸಿಸ್ಟರ್

ಅಮ್ಮಾ, ನಾನು ಮೂವತ್ತೊಂದು ವರ್ಷ ಉಪಕೇಂದ್ರದಲ್ಲೂ ಪಿಎಚ್‌ಸಿಯಲ್ಲೂ ಕೆಲಸ ಮಾಡಿದವಳು. ಮೊದಲು ನನಗೆ ಎರಡು ವಿಷಯ ಹೇಳಿ. ಮೊದಲ ಹೆರಿಗೆ ಆದ ಮೇಲೆ ಅವಳಿಗೆ ರಕ್ತ ಜಾಸ್ತಿ ಹೋಗಿತ್ತಾ? ಈಗ ಎಚ್‌ಬಿ, ಅಂದರೆ ರಕ್ತದ ಹಿಮೋಗ್ಲೋಬಿನ್, ಎಷ್ಟಿದೆ? ಗರ್ಭಿಣಿಯರಿಗೆ ಸರ್ಕಾರ ಕೊಡುವ ತಾಯಿ ಕಾರ್ಡ್‌ನಲ್ಲಿ ಬರೆದಿರುತ್ತಾರೆ, ಅವ್ವನ ಹತ್ತಿರ ಫೋಟೋ ತೆಗೆಸಿ ತರಿಸಿಕೊಳ್ಳಿ.

ಯಾಕೆ ಕೇಳುತ್ತಿದ್ದೇನೆ ಅಂದರೆ, ಮನೆ ಹೆರಿಗೆಯಲ್ಲಿ ನನಗೆ ಇವತ್ತಿಗೂ ಭಯ ಇರೋದು ಮಗು ಹುಟ್ಟಿದ ಮೇಲಿನ ಒಂದು ಗಂಟೆಯದ್ದು. ಮಗು ಅತ್ತಿತು, ಎಲ್ಲರೂ ಖುಷಿಯಾದರು, ಬಾಣಂತಿ ಸುಮ್ಮನೆ ಮಲಗಿದ್ದಾಳೆ, ಆಯಾಸ ಅಂದುಕೊಳ್ಳುತ್ತಾರೆ. ಕೆಳಗೆ ಹಳೆ ಗೋಣಿಯೋ ಬೂದಿಯೋ ಹಾಸಿರುತ್ತಾರೆ, ಅದು ಹೀರಿಕೊಂಡುಬಿಡುತ್ತದೆ, ರಕ್ತ ಎಷ್ಟು ಹೋಯಿತು ಅಂತ ಯಾರಿಗೂ ಗೊತ್ತಾಗೋದಿಲ್ಲ. ಗರ್ಭಕೋಶ ಗಟ್ಟಿಯಾಗಿ ಮುದುಡಿಕೊಳ್ಳದಿದ್ದರೆ ಗಟ್ಟಿಮುಟ್ಟಾದ ಹೆಂಗಸೂ ಎರಡು ಗಂಟೆಯಲ್ಲಿ ಹೋಗಿಬಿಡಬಹುದು. ಇನ್ನು ನಮ್ಮ ರಾಜ್ಯದಲ್ಲಿ ನೂರು ಗರ್ಭಿಣಿಯರಲ್ಲಿ ಸುಮಾರು 45 ಜನಕ್ಕೆ ರಕ್ತ ಕಡಿಮೆ, ಅವರಿಗೆ ಅಷ್ಟು ಹೊತ್ತೂ ಸಿಗೋದಿಲ್ಲ.

ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಈ ವಿಷಯಕ್ಕೇ ಒಂದು ದೊಡ್ಡ ಅಧ್ಯಯನ ನಡೆದಿತ್ತು. ಮನೆಯಲ್ಲೋ ಉಪಕೇಂದ್ರದಲ್ಲೋ ಹೆರುವ 1620 ಹೆಂಗಸರಲ್ಲಿ ಅರ್ಧ ಜನಕ್ಕೆ ಗರ್ಭಕೋಶ ಮುದುಡಿಸಿ ರಕ್ತ ತಡೆಯುವ ಮಿಸೊಪ್ರೊಸ್ಟಾಲ್ ಮಾತ್ರೆ, ಇನ್ನರ್ಧಕ್ಕೆ ಔಷಧವಿಲ್ಲದ ಮಾತ್ರೆ. ಮಾತ್ರೆ ಕೊಟ್ಟದ್ದು ನಮ್ಮಂಥ ಎಎನ್‌ಎಂಗಳೇ, ಅಂದರೆ ಹಳ್ಳಿಯ ಆರೋಗ್ಯ ಸಹಾಯಕಿಯರೇ. 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಹೆಚ್ಚು ರಕ್ತ ಹೋದವರು ನೂರಕ್ಕೆ 12 ಇದ್ದದ್ದು 6.4ಕ್ಕೆ ಇಳಿಯಿತು. ರಕ್ತ ಅಳೆಯೋಕೆ ಗುರುತು ಹಾಕಿದ ಪ್ಲಾಸ್ಟಿಕ್ ಹಾಳೆಯನ್ನೇ ಮಾಡಿಸಿದ್ದರು, ಕಣ್ಣಂದಾಜು ಯಾವಾಗಲೂ ಕಡಿಮೆ ಹೇಳುತ್ತೆ ಅಂತ ಅವರಿಗೆ ಗೊತ್ತಿತ್ತು. ಮಾತ್ರೆ ಇದ್ದರೂ ನೂರಕ್ಕೆ ಆರು ಜನಕ್ಕೆ ರಕ್ತಸ್ರಾವ ಆಯಿತು ಅನ್ನೋದನ್ನೂ ಗಮನಿಸಿ. ಅದು ಯಾರಿಗೆ ಆಗುತ್ತದೆ ಅಂತ ಮೊದಲೇ ಹೇಳೋಕೆ ಬರೋದಿಲ್ಲ. ಒಂದು ಸಲ ಆದವರಿಗೆ ಮತ್ತೆ ಆಗುವ ಸಾಧ್ಯತೆ ಮಾತ್ರ ಜಾಸ್ತಿ, ಅದಕ್ಕೇ ಕೇಳಿದ್ದು.

ಇನ್ನೊಂದು ಮಾತು. ಅವಳಿಗೆ ಬುದ್ಧಿ ಹೇಳೋದನ್ನು ಸದ್ಯಕ್ಕೆ ನಿಲ್ಲಿಸಿ. ಮೊದಲ ಹೆರಿಗೆಯಲ್ಲಿ ಏನಾಯಿತು ಅಂತ ಕೇಳಿ. ಒಂದು ಸಲ ಆಸ್ಪತ್ರೆ ನೋಡಿದವಳು ಎರಡನೇ ಸಲ ಬೇಡ ಅಂದರೆ ಅಲ್ಲಿ ಏನೋ ಆಗಿರುತ್ತದೆ. ಇದನ್ನು ನಾನು ತಡವಾಗಿ ಕಲಿತೆ.

ಸೂಲಗಿತ್ತಿ ಮೊಮ್ಮಗಳು

ಸಿಸ್ಟರ್ ಹೇಳಿದ್ದಕ್ಕೆ ನನ್ನದೂ ಒಂದು ಮಾತು ಸೇರಿಸುತ್ತೇನೆ. ನಮ್ಮಜ್ಜಿ ಪಾವಗಡದ ಕಡೆ ಹೆರಿಗೆ ಮಾಡಿಸುತ್ತಿದ್ದವರು. ಪದ್ಮಶ್ರೀ ಬಂದ ಸೂಲಗಿತ್ತಿ ನರಸಮ್ಮನವರ ಹೆಸರು ನೀವೆಲ್ಲ ಕೇಳಿರುತ್ತೀರಿ, ಅದೇ ಸೀಮೆ. ಅವರು 15 ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದ್ದರು, ಒಂದಕ್ಕೂ ಕಾಸು ಕೇಳಿದವರಲ್ಲ. ಪ್ರಶಸ್ತಿ ಬಂದ 2018ರ ಡಿಸೆಂಬರ್‌ನಲ್ಲೇ ತೀರಿಕೊಂಡರು. ನಮ್ಮಜ್ಜಿ ಅಷ್ಟು ದೊಡ್ಡವರಲ್ಲ, ಸುತ್ತಲಿನ ಏಳೆಂಟು ಹಳ್ಳಿಗೆ ಬೇಕಾದವರು.

ಅಜ್ಜಿ ಹೇಗೆ ಮಾಡುತ್ತಿದ್ದರು ಅಂತ ನಾನು ಕಣ್ಣಾರೆ ಕಂಡಿದ್ದೇನೆ. ತೊಲೆಗೆ ಹಗ್ಗ ಕಟ್ಟಿ ಅದನ್ನು ಹಿಡಿದುಕೊಂಡು ಕುಕ್ಕರುಗಾಲಲ್ಲಿ ಕೂರಿಸುತ್ತಿದ್ದರು. ಹಿಂದೆ ಇನ್ನೊಬ್ಬ ಹೆಂಗಸು ಬೆನ್ನಿಗೆ ಬೆನ್ನು ಕೊಡುತ್ತಿದ್ದಳು. ಬೆಚ್ಚಗಿನ ಹರಳೆಣ್ಣೆಯಲ್ಲಿ ಸೊಂಟ ನೀವುತ್ತಾ "ಇರವ್ವ, ಇನ್ನೊಂದು ನೋವು ಬರಲಿ, ಆಮೇಲೆ ಮುಕ್ಕುವಂತೆ" ಅನ್ನುತ್ತಿದ್ದರು. ಯಾರಿಗೂ ಬಾಯಿ ಮುಚ್ಚು ಅಂದಿದ್ದನ್ನು ಕೇಳಿಲ್ಲ. ಚೀರಬೇಕು ಅನ್ನಿಸಿದರೆ ಚೀರಲಿ, ಎದ್ದು ಓಡಾಡಬೇಕು ಅಂದರೆ ಓಡಾಡಲಿ. ಮುಗಿದ ಮೇಲೆ ಬಿಸಿನೀರು ಹಾಕಿ, ಸೊಂಟಕ್ಕೆ ಸೀರೆ ಬಿಗಿದು, ಧೂಪ ಹಿಡಿದು, ಬಿಸಿ ಗಂಜಿ ಕುಡಿಸಿಯೇ ಮನೆಗೆ ಬರುತ್ತಿದ್ದದ್ದು. ನಿಮ್ಮ ತಂಗಿ ಕೇಳುತ್ತಿರೋದು ಇದನ್ನೇ ಇರಬಹುದು ಅಂತ ನನಗನ್ನಿಸುತ್ತದೆ. ಇದನ್ನು ಮೂಢನಂಬಿಕೆ ಅಂದರೆ ಅವಳಿಗೆ ನೋವಾಗದೆ ಇರುತ್ತಾ?

ಆದರೆ ಪೂರ್ತಿ ಹೇಳಬೇಕಲ್ವಾ. ಅಜ್ಜಿ ಕೈಯಲ್ಲಿ ಇಬ್ಬರು ಹೋಗಿದ್ದಾರೆ. ಎರಡನೆಯವಳಿಗೆ ಮಗು ಬಂತು, ಮಾಸು ಬೀಳಲಿಲ್ಲ. ಎತ್ತಿನ ಗಾಡಿ ಕಟ್ಟಿದರು, ಗಾಡಿ ಕೆರೆ ಏರಿ ದಾಟೋದರೊಳಗೆ ಕೈ ತಣ್ಣಗಾಯಿತಂತೆ. ಅಜ್ಜಿ ಅದನ್ನು ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ, ಹೇಳುವಾಗ ಪ್ರತಿ ಸಲ ತಮ್ಮ ಕೈ ನೋಡಿಕೊಳ್ಳುತ್ತಿದ್ದರು. ಆಮೇಲೆ ಯಾರಿಗೆ ನೋವು ಬಂದರೂ ತಾವೇ ಜೊತೆಗೆ ಆಸ್ಪತ್ರೆಗೆ ಹೊರಡುತ್ತಿದ್ದರು. ಅಲ್ಲಿ ಅವರನ್ನು ಒಳಗೆ ಬಿಡುತ್ತಿರಲಿಲ್ಲ, ಹೊರಗಿನ ಕಟ್ಟೆ ಮೇಲೆ ಕೂರಿಸುತ್ತಿದ್ದರು. ನಾಲ್ಕೈದು ಸಲ ಹೋದರು, ಆಮೇಲೆ ಹೋಗೋದನ್ನೇ ಬಿಟ್ಟರು. ಸರ್ಕಾರದವರು ಮೊದಲು ದಾಯಿಯರಿಗೆ ತರಬೇತಿ, ಕಿಟ್ ಎಲ್ಲ ಕೊಟ್ಟರು, 2005ರ ಹೊತ್ತಿಗೆ ಎಲ್ಲರೂ ಆಸ್ಪತ್ರೆಗೇ ಬರಲಿ ಅಂತಾಯಿತು. ಆಸ್ಪತ್ರೆಗೆ ಬರಲಿ ಅನ್ನೋದು ಸರಿಯೇ. ಆದರೆ ಬಸುರಿಯ ಕೈ ಹಿಡಿದುಕೊಂಡು ಕೂರುತ್ತಿದ್ದ ಒಂದು ಹಿರಿಯ ಜೀವವನ್ನು ಬಾಗಿಲ ಹೊರಗೆ ನಿಲ್ಲಿಸಿಬಿಟ್ಟೆವು, ಆ ಜಾಗಕ್ಕೆ ಇನ್ನೂ ಯಾರೂ ಬಂದಿಲ್ಲ.

ಗುಳೆ ಹೋದವ

ಅಕ್ಕಾ, ನಾನು ಯಾದಗಿರಿ ಕಡೆಯವನು, ಬೆಂಗಳೂರಲ್ಲಿ ಸೆಂಟ್ರಿಂಗ್ ಕೆಲಸ. ಗಂಡಸು ಇಲ್ಲಿ ಮಾತಾಡಬಹುದೋ ಇಲ್ಲವೋ, ಆದರೂ ಬರೆಯುತ್ತೇನೆ. ನನ್ನ ಹೆಂಡತಿಯ ಎರಡನೇ ಹೆರಿಗೆ ಕಟ್ಟಡದ ಪಕ್ಕದ ತಗಡಿನ ಶೆಡ್ಡಲ್ಲಿ ಆಯಿತು. ಅವಳಿಗೆ ಅದು ಇಷ್ಟ ಅಂತ ಆದದ್ದಲ್ಲ.

ರಾತ್ರಿ ಒಂಬತ್ತಕ್ಕೇ ಬೇನೆ ಶುರುವಾಗಿತ್ತು. ನಾನು ಬೆಳಗಾಗಲಿ ಅಂದೆ. ತಾಯಿ ಕಾರ್ಡ್ ಊರಲ್ಲಿತ್ತು, ಆಧಾರ್‌ನಲ್ಲಿ ಊರಿನ ವಿಳಾಸ. ಕೈಯಲ್ಲಿ ಮುನ್ನೂರು ರೂಪಾಯಿ ಇತ್ತು, ವಾರದ ಬಟವಾಡೆ ಆಗೋದು ಶನಿವಾರ. ಕಾರ್ಡ್ ಇಲ್ಲದೆ ಹೋದರೆ ವಾಪಸ್ ಕಳಿಸುತ್ತಾರೆ ಅಂತ ನಮ್ಮ ಜನಕ್ಕೆಲ್ಲ ಹೆದರಿಕೆ. ತುಮಕೂರಿನಲ್ಲಿ 2022ರ ನವೆಂಬರ್‌ನಲ್ಲಿ ಆದದ್ದು ಗೊತ್ತಲ್ವಾ, ತಾಯಿ ಕಾರ್ಡ್ ಇಲ್ಲ ಅಂತ ಸೇರಿಸಿಕೊಳ್ಳಲಿಲ್ಲ ಅನ್ನೋ ಆರೋಪ ಬಂದಿತ್ತು, ಆ ತಾಯಿ ಮನೆಯಲ್ಲೇ ಅವಳಿ ಮಕ್ಕಳನ್ನು ಹೆತ್ತು ಮೂರೂ ಜೀವ ಹೋದವು. ಆ ಸುದ್ದಿ ನಮ್ಮ ಶೆಡ್ಡುಗಳಲ್ಲಿ ಎಲ್ಲರ ಮೊಬೈಲಿಗೂ ಬಂದಿತ್ತು. ದೊಡ್ಡ ಮಗ ಮಲಗಿದ್ದ, ಅವನನ್ನು ಯಾರ ಹತ್ತಿರ ಬಿಡೋದು ಅನ್ನೋದೂ ಒಂದಿತ್ತು. ಹೀಗೆ ಲೆಕ್ಕ ಹಾಕುತ್ತಾ ಹಾಕುತ್ತಾ ಎರಡು ಗಂಟೆಗೆ ಮಗು ಬಂದೇಬಿಟ್ಟಿತು. ಪಕ್ಕದ ಶೆಡ್ಡಿನ ಅಜ್ಜಿ ಹೊಸ ಬ್ಲೇಡಲ್ಲಿ ಹೊಕ್ಕುಳ ಬಳ್ಳಿ ಕತ್ತರಿಸಿದಳು. ದೇವರು ದೊಡ್ಡವನು, ಇಬ್ಬರೂ ಉಳಿದರು.

ಆಮೇಲೆ ಒಂದು ದಿನ ಅವಳು ಹೇಳಿದಳು, "ನಾನು ಒಂಬತ್ತು ಗಂಟೆಗೇ ಹೋಗೋಣ ಅಂತಿದ್ದೆ, ನೀನು ಫೋನಲ್ಲಿ ನಿಮ್ಮವ್ವನ್ನ ಕೇಳಿದೆ, ನನ್ನನ್ನ ಕೇಳಲಿಲ್ಲ." ಹೌದು, ಕೇಳಿರಲಿಲ್ಲ. ಎಲ್ಲಿ ಹೆರೋದು ಅನ್ನೋದನ್ನು ನಮ್ಮಲ್ಲಿ ಗಂಡ, ಅತ್ತೆ, ಕೈಯಲ್ಲಿರುವ ದುಡ್ಡು, ಇವೇ ತೀರ್ಮಾನ ಮಾಡೋದು. 108 ಪುಕ್ಕಟೆ ಅನ್ನೋದು ನನಗೂ ಗೊತ್ತಿತ್ತು. ಆದರೆ ಬರುವಾಗ, ಹೋಗುವಾಗ, ಊಟಕ್ಕೆ, ಆಯಾಗಳಿಗೆ ಅಂತ ಖರ್ಚು ಇದ್ದೇ ಇರುತ್ತದೆ ಅಂತ ಒಂದು ಸಾಲವನ್ನಾದರೂ ಮೊದಲೇ ಮಾಡಿಟ್ಟುಕೊಂಡಿದ್ದರೆ ಆ ರಾತ್ರಿ ಹೊರಡುತ್ತಿದ್ದೆ.

ಜಯನಗರದ ಹೊಸ ಅಮ್ಮ

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ನಾನು ಬೆಂಗಳೂರಲ್ಲಿ ಖಾಸಗಿ ಆಸ್ಪತ್ರೆಯಲ್ಲಿ ಹೆತ್ತವಳು, ಹೊಟ್ಟೆ ಕೊಯ್ದೇ ಮಗು ತೆಗೆದರು. ಅಗತ್ಯ ಇತ್ತಾ ಅಂತ ಇವತ್ತಿಗೂ ನನಗೆ ಯಾರೂ ಬಿಡಿಸಿ ಹೇಳಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 31.5 ಹೆರಿಗೆ ಸಿಸೇರಿಯನ್, ಖಾಸಗಿ ಆಸ್ಪತ್ರೆಗಳಲ್ಲಂತೂ ಅರ್ಧಕ್ಕೂ ಜಾಸ್ತಿ. ಹೀಗಿದ್ದಾಗ ಹೆಂಗಸರು ಮನೆಯೇ ವಾಸಿ ಅಂದರೆ ಅವರನ್ನೇ ತಪ್ಪು ಅನ್ನೋದು ಸರಿಯಲ್ಲ. ನನ್ನ ಗೆಳತಿ ಮನೆಯಲ್ಲೇ ಹೆತ್ತಳು, ತರಬೇತಿ ಪಡೆದ ಮಿಡ್‌ವೈಫ್ ಬಂದಿದ್ದರು, ತುಂಬಾ ಚೆನ್ನಾಗಿ ಆಯಿತು.

ನಿವೃತ್ತ ಸಿಸ್ಟರ್

ನಿಮ್ಮ ಬೇಸರ ಅರ್ಥವಾಗುತ್ತದೆ ತಾಯಿ. ನಿಮ್ಮ ಹೊಟ್ಟೆ ಯಾಕೆ ಕೊಯ್ದರು ಅಂತ ನಿಮಗೆ ಹೇಳಲೇಬೇಕಿತ್ತು. ಕೇಸ್ ಶೀಟಿನ ನಕಲು ಕೇಳಿ ಪಡೆಯಿರಿ, ಅದು ನಿಮ್ಮ ಹಕ್ಕು.

ಆದರೆ ನಿಮ್ಮ ಗೆಳತಿಯ ಮನೆ ಹೆರಿಗೆ ಬೇರೆ, ಈ ದೊಡ್ಡಿಯ ಮನೆ ಹೆರಿಗೆ ಬೇರೆ. ಅಲ್ಲಿ ಪಕ್ಕದಲ್ಲಿ ಕಲಿತ ಮಿಡ್‌ವೈಫ್, ಕೈಯಲ್ಲಿ ಇಂಜೆಕ್ಷನ್, ಹತ್ತು ನಿಮಿಷಕ್ಕೆ ಆಪರೇಷನ್ ಥಿಯೇಟರ್ ಇರುವ ಆಸ್ಪತ್ರೆ. ಇಲ್ಲಿ ಮೂರು ಕಿಲೋಮೀಟರ್ ಮಣ್ಣು ರಸ್ತೆ. ರಕ್ತ ನಿಲ್ಲಿಸುವ ಆಕ್ಸಿಟೋಸಿನ್ ಇಂಜೆಕ್ಷನ್ ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿ ಇರಬೇಕು, ರಾಯಚೂರಿನ ಬಿಸಿಲಲ್ಲಿ ಚೀಲದಲ್ಲಿಟ್ಟುಕೊಂಡು ಓಡಾಡೋಕೆ ಆಗೋದಿಲ್ಲ. ಎರಡೂ ಒಂದೇ ಅಂತ ಹಳ್ಳಿಯ ಹುಡುಗಿಯರು ಓದಿಕೊಂಡರೆ ನನಗೆ ಭಯವಾಗುತ್ತದೆ.

ಆಸ್ಪತ್ರೆಗಳಲ್ಲಿ ತಪ್ಪೇ ಇಲ್ಲ ಅಂತ ನಾನು ಹೇಳುತ್ತಿಲ್ಲ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡಾಗ ನಾನು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಊರೂರಿಗೆ ಹೋಗಿ "ಬನ್ರವ್ವ, ಆಸ್ಪತ್ರೆಗೆ ಬನ್ನಿ" ಅಂತ ಕರೆದವರು ನಾವು. ಆದರೂ ಲೆಕ್ಕ ನೋಡಿದರೆ, ನಮ್ಮ ರಾಜ್ಯದಲ್ಲಿ 2004-06ರ ಹೊತ್ತಿಗೆ ಒಂದು ಲಕ್ಷ ಹೆರಿಗೆಗೆ 213 ತಾಯಂದಿರು ಸಾಯುತ್ತಿದ್ದರು, 2018-20ಕ್ಕೆ ಅದು 69ಕ್ಕೆ ಬಂತು. ಅದರಲ್ಲಿ 108ರದ್ದೂ ಪಾಲಿದೆ, ಆಶಾಗಳದ್ದೂ ಇದೆ, ರಾತ್ರಿ ಪಾಳಿಯ ನರ್ಸ್‌ಗಳದ್ದೂ ಇದೆ. 2019-21ರ ಸಮೀಕ್ಷೆಯಲ್ಲಿ ನೂರರಲ್ಲಿ 97 ಹೆರಿಗೆ ಆಸ್ಪತ್ರೆಯಲ್ಲೇ. ಉಳಿದ ಮೂರು ಜನ ಯಾರು ಅಂತ ನೋಡಿ, ಇಂಥ ದೊಡ್ಡಿ, ತಾಂಡಾ, ಕಾಡಂಚಿನ ಹಾಡಿ, ಗುಳೆ ಹೋದವರ ಶೆಡ್ಡು.

ದೊಡ್ಡಿಯ ಅಕ್ಕ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೊನ್ನೆ ರಜೆ ಹಾಕಿ ಊರಿಗೇ ಹೋಗಿದ್ದೆ. ಸಿಸ್ಟರ್ ಹೇಳಿದ ಹಾಗೆ ಬುದ್ಧಿ ಹೇಳಲಿಲ್ಲ. ರಾತ್ರಿ ಅಂಗಳದಲ್ಲಿ ಪಕ್ಕದಲ್ಲಿ ಮಲಗಿ, ಮೊದಲನೇ ಸಲ ಏನಾಯಿತು ಅಂತ ಒಂದೇ ಮಾತು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು.

ಹೆರಿಗೆ ಕೋಣೆಯಲ್ಲಿ ನಾಲ್ಕು ತಾಸು ಒಬ್ಬಳೇ ಇದ್ದಳಂತೆ. ಅವ್ವನನ್ನು ಬಿಡಲಿಲ್ಲ. ಬಾಗಿಲು ಪೂರ್ತಿ ಮುಚ್ಚುತ್ತಿರಲಿಲ್ಲ, ಹೊರಗೆ ಓಡಾಡುವ ಗಂಡಸರ ಚಪ್ಪಲಿ ಕಾಣುತ್ತಿತ್ತು, ಮೈಮೇಲೆ ಸರಿಯಾಗಿ ಬಟ್ಟೆ ಇರಲಿಲ್ಲ. ಕೂತುಕೊಳ್ಳುತ್ತೇನೆ ಅಂದಿದ್ದಕ್ಕೆ ತೊಡೆ ಮೇಲೆ ಹೊಡೆದರು. "ಮಾಡ್ಕೊಳ್ಳುವಾಗ ಚೆನ್ನಾಗಿತ್ತಾ" ಅಂತ ಕೇಳಿದರು. ಇದನ್ನು ಹೇಳುವಾಗ ನನ್ನ ತಂಗಿ ಸೆರಗಿನಿಂದ ಮುಖ ಮುಚ್ಚಿಕೊಂಡಳು, ಮೂರು ವರ್ಷ ಆದಮೇಲೂ. ಮಗುವನ್ನು ಅವ್ವನ ಕೈಗೆ ಕೊಡೋಕೆ ಐನೂರು ಕೇಳಿದರಂತೆ, ಗಂಡಾಗಿದ್ದರೆ ಸಾವಿರ ಅಂದರಂತೆ. ಯಾವ ಆಸ್ಪತ್ರೆ ಅಂತ ಇಲ್ಲಿ ಬರೆಯೋದಿಲ್ಲ. ಇಷ್ಟನ್ನೂ ಅವಳು ಯಾರಿಗೂ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ಹೆಣ್ಣು ಮಗು, ಎಷ್ಟು ತೂಕ, ಯಾರ ಹಾಗಿದೆ, ಇದನ್ನೇ ಕೇಳಿದ್ದು.

ಸಿಸ್ಟರ್, ನೀವು ಕೇಳಿದ್ದಕ್ಕೆ ಉತ್ತರ. ಅವತ್ತು ರಕ್ತ ಜಾಸ್ತಿ ಹೋಗಿತ್ತು, ಒಂದು ಬಾಟಲಿ ರಕ್ತ ಹಾಕಿದ್ದರು. ಅವ್ವ ಅದನ್ನು "ಸುಸ್ತಾಗಿತ್ತು, ಬಾಟಲಿ ಹಾಕಿದ್ರು" ಅಂತಷ್ಟೇ ಹೇಳಿದ್ದಳು, ನಾವು ಗ್ಲೂಕೋಸ್ ಅಂದುಕೊಂಡಿದ್ದೆವು. ಈಗ ಎಚ್‌ಬಿ 8.6 ಇದೆ. ಇದನ್ನು ಹೇಳಿ, ನೀವು ಬರೆದ ಬೆಳಗಾವಿಯ ಕಥೆಯನ್ನೂ ಓದಿ ಹೇಳಿದೆ. ಮೊಮ್ಮಗಳು ಬರೆದ ಕೆರೆ ಏರಿಯ ಮಾತನ್ನೂ ಹೇಳಿದೆ. ಅವ್ವ ಎದ್ದು ಕೂತಳು. ಬೆಳಿಗ್ಗೆ ಆ ಸೂಲಗಿತ್ತಿ ಅಜ್ಜಿಯನ್ನೇ ಕರೆಸಿದೆವು. ಅವಳು ಹೊಟ್ಟೆ ಮುಟ್ಟಿ ನೋಡಿ, ಕೂಸು ಸರಿಯಾಗಿದೆ, ಆದರೆ ಹಿಂದೆ ರಕ್ತ ಹೋದವಳನ್ನು ನಾನು ಮುಟ್ಟೋದಿಲ್ಲ ಅಂದಳು. ಆಶಾ ಮೂರು ಸಲ ಬಂದು ಹೇಳಿದ್ದಕ್ಕಿಂತ ಅವಳ ಆ ಒಂದು ಮಾತು ನಾಟಿತು.

ತಂಗಿ ಈಗ ಅರ್ಧ ಒಪ್ಪಿದ್ದಾಳೆ. ಅವಳ ಷರತ್ತು ಮೂರು. ಅದೇ ಆಸ್ಪತ್ರೆಗೆ ಬೇಡ, ಅವ್ವ ಒಳಗೆ ಇರಬೇಕು, ಮಗಳನ್ನು ನಾನು ಬಂದು ನೋಡಿಕೊಳ್ಳಬೇಕು. ಮೂರನೆಯದು ನನ್ನ ಕೈಯಲ್ಲಿದೆ, ಹದಿನೈದು ದಿನ ಮೊದಲೇ ಹೋಗುತ್ತೇನೆ. ಉಳಿದ ಎರಡಕ್ಕೆ ಏನು ಮಾಡಲಿ?

ನಿವೃತ್ತ ಸಿಸ್ಟರ್

ಓದಿ ಕಣ್ಣು ತುಂಬಿ ಬಂತು. ತಂಗಿಗೆ ಹೇಳಿ, ಅವಳಿಗೆ ಹಾಗೆ ಮಾಡಿದ್ದು ತಪ್ಪು, ಒಬ್ಬ ಸಿಸ್ಟರ್ ಕ್ಷಮೆ ಕೇಳಿದಳು ಅಂತ.

ಈಗ ಕೆಲಸದ ಮಾತು. ಎಚ್‌ಬಿ 8.6, ಹಿಂದೆ ರಕ್ತಸ್ರಾವ. ಪಿಎಚ್‌ಸಿ ಬೇಡವೇ ಬೇಡ, ರಕ್ತ ಸಿಗುವ ಕಡೆಗೇ ಹೋಗಬೇಕು, ಅಂದರೆ ರಾಯಚೂರು. ಎಂಟು ತಿಂಗಳು ದಾಟಿರೋದರಿಂದ ಬರೀ ಕಬ್ಬಿಣದ ಗುಳಿಗೆ ನೆಚ್ಚಿಕೊಂಡು ಕೂರಬೇಡಿ, ನರಕ್ಕೆ ಕಬ್ಬಿಣದ ಇಂಜೆಕ್ಷನ್ ಕೊಡಬಹುದಾ ಅಂತ ಈ ವಾರವೇ ಡಾಕ್ಟರನ್ನು ಕೇಳಿ. ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಡಾಕ್ಟರ್ ತಪಾಸಣೆ ಇರುತ್ತದೆ, ಅವತ್ತೇ ಅವಳನ್ನು ಕರೆದುಕೊಂಡು ಹೋಗಿ ಹೆರಿಗೆ ಕೋಣೆಯನ್ನೂ ತೋರಿಸಿಕೊಂಡು ಬನ್ನಿ. ನೋಡಿದ ಜಾಗ ಅಂದರೆ ಅರ್ಧ ಭಯ ಹೋಗುತ್ತದೆ.

ಅವ್ವ ಒಳಗೆ ಇರೋದಕ್ಕೆ ಅವಕಾಶ ಇದೆ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ ಹೊತ್ತಿಗೆ ಜೊತೆಗೊಬ್ಬ ಹೆಂಗಸು ಇರಬಹುದು ಅಂತ ಕೇಂದ್ರ ಸರ್ಕಾರ 2016ರಲ್ಲೇ ಹೇಳಿದೆ. ಬೇನೆ ಬಂದಾಗ ಜಗಳ ಮಾಡೋದಕ್ಕಿಂತ 9ನೇ ತಾರೀಖೇ ಲೇಬರ್ ರೂಮಿನ ಇನ್‌ಚಾರ್ಜ್ ಸಿಸ್ಟರ್ ಹತ್ತಿರ ಸಮಾಧಾನವಾಗಿ ಮಾತಾಡಿ. ಬೇನೆ ತಿನ್ನುವಾಗ ಎದ್ದು ಓಡಾಡೋದು, ಕೂತುಕೊಳ್ಳೋದು ತಪ್ಪಲ್ಲ, ಅದನ್ನೂ ಕೇಳಿ.

ಎರಡನೇ ಹೆರಿಗೆ ಬೇಗ ಆಗುತ್ತದೆ. ಬೇನೆ ಬಂದ ಮೇಲೆ ಒಂದೂವರೆ ಗಂಟೆ ದಾರಿ ಅಂದರೆ ಕಷ್ಟ, ರಾಯಚೂರಲ್ಲಿ ನೆಂಟರಿದ್ದರೆ ಒಂದು ವಾರ ಮೊದಲೇ ಹೋಗಿ ಉಳಿಯಲಿ. ಊರಲ್ಲಿ ಜೀಪು ಯಾರದ್ದಿದೆ, ಅವರ ನಂಬರ್ ಅವ್ವನ ಫೋನಲ್ಲೂ ಇರಲಿ, ಮಳೆ ಬಂದರೆ 108 ಆ ಮಣ್ಣು ರಸ್ತೆಗೆ ಇಳಿಯೋದು ತಡವಾಗಬಹುದು. ಔಷಧಿ, ರಕ್ತ, ಊಟ, ವಾಪಸ್ ಬರುವ ಗಾಡಿ ಎಲ್ಲ ಉಚಿತ, 2011ರಿಂದ ನಿಯಮವೇ ಇದೆ. ಆಶಾ ಹೇಳಿದ ಹಣ ಹಳ್ಳಿಯವರಿಗೆ 700 ರೂಪಾಯಿ, ಅದನ್ನು ನಂಬಿ ಹೊರಡಬೇಡಿ, ಕೈಯಲ್ಲಿ ಎರಡು ಮೂರು ಸಾವಿರ ಇಟ್ಟುಕೊಳ್ಳಿ. ನಿಮ್ಮ ಮನೆಯಲ್ಲಿ ಅವಳ ಗುಂಪಿನ ರಕ್ತದವರು ಯಾರು ಅಂತಲೂ ನೋಡಿಡಿ.

ಇನ್ನೊಂದು. ಒಂದು ಬಿಳಿ ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ "ಮೊದಲ ಹೆರಿಗೆಯಲ್ಲಿ ಹೆಚ್ಚು ರಕ್ತಸ್ರಾವ, ಒಂದು ಬಾಟಲಿ ರಕ್ತ ಹಾಕಿದೆ" ಅಂತ ಬರೆದು ತಾಯಿ ಕಾರ್ಡ್‌ನ ಮೊದಲ ಪುಟಕ್ಕೆ ಪಿನ್ ಮಾಡಿ. ರಾತ್ರಿ ಪಾಳಿಯವರು ಬದಲಾದರೂ ಕಣ್ಣಿಗೆ ಬೀಳುತ್ತದೆ.

ದೊಡ್ಡಿಯ ಅಕ್ಕ

ಹಾಳೆ ಬರೆದಾಯಿತು ಸಿಸ್ಟರ್, ತಂಗಿಯೇ ಬರೆದಳು. ರಾಯಚೂರಲ್ಲಿ ಅತ್ತೆ ಮಗಳ ಮನೆ ಇದೆ, ಮಾತಾಡಿದ್ದೇವೆ. ಅವ್ವ ಕೇಳುತ್ತಿದ್ದಾಳೆ, ಹರಳೆಣ್ಣೆ ಬಾಟಲಿ ಒಳಗೆ ತಗೊಂಡು ಹೋಗಬಹುದಾ ಅಂತ, ಸೊಂಟ ನೀವೋಕೆ.

ನಿವೃತ್ತ ಸಿಸ್ಟರ್

ಸೊಂಟಕ್ಕೆ, ಬೆನ್ನಿಗೆ ಧಾರಾಳವಾಗಿ ಹಚ್ಚಲಿ. ಕೆಳಗೆ ಮಾತ್ರ ಬೇಡ. ಸಣ್ಣ ಬಾಟಲಿ ಸಾಕು, ಬಿರಡೆ ಗಟ್ಟಿ ಇರೋದು ನೋಡಿ.